ಮಾಂಟೆಸ್ಸರಿ ಶಾಲೆ ಆರಿಸುವ ಮುನ್ನ ಒಂದು ಬೆಳಗ್ಗೆ ಸುಮ್ಮನೆ ಕುಳಿತು ನೋಡಿ

ಪ್ರಶ್ನೆ: ನಮಗೆ ಇಬ್ಬರು ಮಕ್ಕಳು. ಮಗಳಿಗೆ ಎರಡು ವರ್ಷ ಒಂಬತ್ತು ತಿಂಗಳು, ಮಗನಿಗೆ ಐದು ತುಂಬಿದೆ. ಇಬ್ಬರನ್ನೂ ಮಾಂಟೆಸ್ಸರಿ ಶಾಲೆಗೆ ಸೇರಿಸುವ ಆಸೆಯಿಂದ ಮೂರು ಕಡೆ ನೋಡಿ ಬಂದೆವು. ಮೂರರ ಫಲಕದ ಮೇಲೂ ಮಾಂಟೆಸ್ಸರಿ ಎಂದೇ ಇದೆ, ಆದರೆ ಒಂದಕ್ಕೊಂದು ಸಂಬಂಧವೇ ಇಲ್ಲ. ಮೊದಲನೆಯದರಲ್ಲಿ ಕಲಿಕೆಯ ಸಾಮಗ್ರಿಗಳಿಗೆಂದೇ ಚೆಂದದ ಕೊಠಡಿಯಿದೆ, ಪ್ರತಿ ತರಗತಿಯ ಮಕ್ಕಳನ್ನೂ ದಿನಕ್ಕೆ ಮುಕ್ಕಾಲು ಗಂಟೆ ಅಲ್ಲಿಗೆ ಕರೆದೊಯ್ಯುತ್ತಾರೆ. ಎರಡನೆಯದರಲ್ಲಿ ಮೂರರಿಂದ ಆರು ವರ್ಷದ ಮೂವತ್ತು ಮಕ್ಕಳು ಒಂದೇ ಕೋಣೆಯಲ್ಲಿದ್ದಾರೆ, ಶಿಕ್ಷಕಿ ಒಬ್ಬರೇ, ಜೊತೆಗೆ ಒಬ್ಬ ಸಹಾಯಕಿ. ಮೂರನೆಯದು ಮೂರೂವರೆ ವರ್ಷಕ್ಕೇ ಓದಲು ಕಲಿಸುವ ಭರವಸೆ ಕೊಡುತ್ತದೆ. ಇವುಗಳಲ್ಲಿ ಯಾವುದು ನಿಜವಾದದ್ದು? ನಾವು ನೋಡಬೇಕಾದದ್ದು ಏನನ್ನು? ಮುಂದೆ ಸಾಮಾನ್ಯ ಶಾಲೆಗೆ ಹೋದಾಗ ಮಕ್ಕಳು ತಡವರಿಸುವುದಿಲ್ಲವೇ?

ಉತ್ತರ: ಮಾಂಟೆಸ್ಸರಿ ಎಂಬ ಹೆಸರಿಗೆ ಒಡೆಯರಿಲ್ಲ. ನಿಮ್ಮ ಗೊಂದಲದ ಬೇರು ಅಲ್ಲಿದೆ. ವೈದ್ಯೆಯಾಗಿದ್ದ ಮರಿಯಾ ಮಾಂಟೆಸ್ಸರಿ 1907ರ ಜನವರಿ 6ರಂದು ರೋಮ್‌ ನಗರದ ಸಾನ್ ಲೊರೆಂಜೊ ಎಂಬ ಬಡ ಬಡಾವಣೆಯಲ್ಲಿ ತಮ್ಮ ಮೊದಲ ‘ಮಕ್ಕಳ ಮನೆ’ಯನ್ನು ತೆರೆದರು. ಪದ್ಧತಿ ಕಲಬೆರಕೆಯಾಗಬಾರದೆಂದು 1929ರಲ್ಲಿ ಮಗ ಮಾರಿಯೊ ಜೊತೆ ಸೇರಿ ಅಂತಾರಾಷ್ಟ್ರೀಯ ಮಾಂಟೆಸ್ಸರಿ ಸಂಘವನ್ನೂ ಕಟ್ಟಿದರು. ಆದರೆ ಹೆಸರನ್ನು ಕಾಯುವುದು ಯಾರಿಂದಲೂ ಆಗಲಿಲ್ಲ. ಅದು ಒಂದು ಬೋಧನಾ ಪದ್ಧತಿಯನ್ನು ಸೂಚಿಸುವ ಸಾಮಾನ್ಯ ಪದ, ಯಾರೊಬ್ಬರ ಸ್ವತ್ತೂ ಅಲ್ಲ ಎಂದು 1967ರಲ್ಲಿ ಅಮೆರಿಕದ ಟ್ರೇಡ್‌ಮಾರ್ಕ್ ಮಂಡಳಿ ಹೇಳಿತು. ಹಾಗಾಗಿ ಫಲಕ ಬರೆಯುವವನಿಗೆ ಹೇಳಿ ಆ ಹೆಸರು ಬರೆಸಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ. ಆ ಸಂಘದ ಅಥವಾ 1960ರಲ್ಲಿ ಹುಟ್ಟಿದ ಅಮೆರಿಕನ್ ಮಾಂಟೆಸ್ಸರಿ ಸೊಸೈಟಿಯಂಥ ಸಂಸ್ಥೆಯ ಮಾನ್ಯತೆ ಇದ್ದರೆ ಒಳ್ಳೆಯ ಸೂಚನೆ. ಇಲ್ಲದಿದ್ದರೆ ಅದೇ ಕಾರಣಕ್ಕೆ ಶಾಲೆಯನ್ನು ಕೈಬಿಡಬೇಡಿ. ಮಾನ್ಯತೆಯ ಖರ್ಚು ಹೊರಲಾರದ, ಆದರೆ ಶ್ರದ್ಧೆಯಿಂದ ನಡೆಯುವ ಪುಟ್ಟ ಶಾಲೆಗಳನ್ನು ನಾನು ಕಂಡಿದ್ದೇನೆ.

ನಿಮ್ಮ ಮೂರರಲ್ಲಿ ನಾನು ಮತ್ತೊಮ್ಮೆ ಹೋಗಿ ನೋಡಿ ಎನ್ನುವುದು ಎರಡನೆಯದನ್ನು, ಅಂದರೆ ನಿಮಗೆ ಬಹುಶಃ ಎಲ್ಲಕ್ಕಿಂತ ಕಡಿಮೆ ಇಷ್ಟವಾದದ್ದನ್ನು. ಮೂವತ್ತು ಮಕ್ಕಳಿಗೆ ಒಬ್ಬ ಶಿಕ್ಷಕಿ ಎಂದ ಕೂಡಲೇ ತಂದೆತಾಯಿಯರ ಹುಬ್ಬು ಮೇಲೇರುತ್ತದೆ. ಎಲ್ಲವನ್ನೂ ಶಿಕ್ಷಕಿಯೇ ಕಲಿಸುವ ಶಾಲೆಯಲ್ಲಿ ಆ ಅನುಮಾನ ಸರಿ. ಇಲ್ಲಿ ಲೆಕ್ಕ ಬೇರೆ. ಮಾಂಟೆಸ್ಸರಿ ಕೋಣೆಯಲ್ಲಿ ಮಗು ಶಿಕ್ಷಕಿಯಿಂದ ಕಲಿಯುವುದು ಸ್ವಲ್ಪ, ಕೈಯಲ್ಲಿ ಹಿಡಿದ ಸಾಮಗ್ರಿಯಿಂದ ಕಲಿಯುವುದು ಹೆಚ್ಚು, ಪಕ್ಕದ ಚಾಪೆಯ ಮೇಲೆ ಕುಳಿತ ದೊಡ್ಡ ಮಗುವನ್ನು ನೋಡಿ ಕಲಿಯುವುದು ಇನ್ನೂ ಹೆಚ್ಚು. ಐದೂವರೆ ವರ್ಷದವಳು ಮಣಿಗಳ ಸರವನ್ನು ಉದ್ದಕ್ಕೆ ಹಾಸಿ ಸಾವಿರದವರೆಗೆ ಎಣಿಸುತ್ತಿರುವಾಗ ಮೂರು ವರ್ಷದವನು ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಿಂತು ನೋಡುತ್ತಾನೆ. ಅವನಿಗೆ ಯಾರೂ ಏನನ್ನೂ ಹೇಳಿಕೊಡುತ್ತಿಲ್ಲ. ಎರಡು ವರ್ಷದ ನಂತರ ಅದೇ ಸರ ಅವನ ಕೈಗೆ ಬಂದಾಗ ಅರ್ಧ ಪಾಠ ಆಗಲೇ ಮುಗಿದಿರುತ್ತದೆ. ಹತ್ತು ಮಕ್ಕಳಿಗೆ ಇಬ್ಬರು ಶಿಕ್ಷಕಿಯರಿದ್ದರೆ ಏನಾಗುತ್ತದೆ ಗೊತ್ತೇ? ದೊಡ್ಡವರ ಕೈ ಸುಮ್ಮನಿರುವುದಿಲ್ಲ, ಬೇಡದಿದ್ದರೂ ನೆರವಿಗೆ ಧಾವಿಸುತ್ತಾರೆ. ಗುಂಡಿ ಹಾಕಿಕೊಳ್ಳಲು ಹೆಣಗುವ ಮಗುವಿಗೆ ಇನ್ನೊಂದೇ ನಿಮಿಷ ಬೇಕಿರುತ್ತದೆ, ಅಷ್ಟರಲ್ಲಿ ಯಾರೋ ಬಂದು ಹಾಕಿಬಿಡುತ್ತಾರೆ.

ವಯಸ್ಸಿಗೊಂದು ಕೋಣೆ ಮಾಡಿ, ಮೂರರವರು ಇಲ್ಲಿ, ನಾಲ್ಕರವರು ಅಲ್ಲಿ ಎಂದು ವಿಂಗಡಿಸಿದ ಶಾಲೆ ಸಾಮಗ್ರಿಗಳನ್ನು ಕೊಂಡಿದೆ, ಪದ್ಧತಿಯನ್ನು ಕೊಂಡಿಲ್ಲ. ಮೂರರಿಂದ ಆರು, ಆರರಿಂದ ಒಂಬತ್ತು, ಒಂಬತ್ತರಿಂದ ಹನ್ನೆರಡು ಎಂಬ ಮೂರು ವರ್ಷಗಳ ಗುಂಪು ಇಲ್ಲಿ ಅಡಿಪಾಯವಿದ್ದಂತೆ.

ಇನ್ನು ಮೊದಲನೆಯ ಶಾಲೆಯ ಚೆಂದದ ಕೊಠಡಿ. ಮುಕ್ಕಾಲು ಗಂಟೆಯಲ್ಲಿ ಏನಾಗಬಹುದೆಂದು ಲೆಕ್ಕ ಹಾಕಿ ನೋಡಿ. ಬಂದು ಚಾಪೆ ಹಾಸಲು ಐದು ನಿಮಿಷ. ಯಾವುದನ್ನು ತೆಗೆದುಕೊಳ್ಳಲಿ ಎಂದು ಅಲೆದಾಡಲು ಹತ್ತು. ಎತ್ತಿಡಲು ಕೊನೆಯ ಹತ್ತು. ಮಗು ನಿಜಕ್ಕೂ ಮುಳುಗಬೇಕಾದ ಹೊತ್ತಿಗೆ ಗಂಟೆ ಬಾರಿಸುತ್ತದೆ. ಬೆಳಗಿನಲ್ಲಿ ಸುಮಾರು ಮೂರು ಗಂಟೆಯ ಅಡೆತಡೆಯಿಲ್ಲದ ಸಮಯ ಎಂದು ಮಾಂಟೆಸ್ಸರಿ ಪಟ್ಟು ಹಿಡಿದದ್ದಕ್ಕೆ ಕಾರಣವಿದೆ. ಮಕ್ಕಳು ಮೊದಲು ಕೈಗೆತ್ತಿಕೊಳ್ಳುವುದು ಚೆನ್ನಾಗಿ ಗೊತ್ತಿರುವ ಸುಲಭದ ಕೆಲಸವನ್ನು. ಒಂದು ಗಂಟೆಯ ಆಸುಪಾಸಿನಲ್ಲಿ ಕೋಣೆಯಲ್ಲಿ ಗದ್ದಲವೇಳುತ್ತದೆ, ಓಡಾಟ ಹೆಚ್ಚುತ್ತದೆ, ಎಲ್ಲರೂ ದಣಿದಂತೆ ಕಾಣುತ್ತಾರೆ. ಮಾಂಟೆಸ್ಸರಿ ಇದನ್ನು ಸುಳ್ಳು ದಣಿವು ಎಂದು ಗುರುತಿಸಿದರು. ಅನನುಭವಿ ಶಿಕ್ಷಕಿ ಆಗ ಹೆದರಿ ಎಲ್ಲರನ್ನೂ ಹೊರಗೆ ಆಟಕ್ಕೆ ಬಿಡುತ್ತಾಳೆ. ಅನುಭವಿ ಕಾಯುತ್ತಾಳೆ. ಹತ್ತು ಹದಿನೈದು ನಿಮಿಷ ಕಳೆದರೆ ಗದ್ದಲ ತಾನಾಗಿ ಇಳಿದು, ಅದೇ ಮಕ್ಕಳು ಆ ದಿನದ ಅತ್ಯಂತ ಕಠಿಣ ಕೆಲಸವನ್ನು ಎತ್ತಿಕೊಳ್ಳುತ್ತಾರೆ. ಮುಕ್ಕಾಲು ಗಂಟೆಯ ಕೊಠಡಿಯಲ್ಲಿ ಆ ಎರಡನೆಯ ಅಲೆ ಏಳುವುದೇ ಇಲ್ಲ.

ಆದ್ದರಿಂದ ನಿಮಗೆ ನಾನು ಕೊಡುವ ಕೆಲಸ ಒಂದೇ: ಕಚೇರಿಯಲ್ಲಿ ಕುಳಿತು ಮಾತಾಡಿ ಎದ್ದು ಬರಬೇಡಿ. ಮಾಮೂಲಿ ದಿನವೊಂದರ ಬೆಳಗ್ಗೆ ಕನಿಷ್ಠ ಒಂದು ಗಂಟೆ ಕೋಣೆಯ ಮೂಲೆಯಲ್ಲಿ ಕುಳಿತು ನೋಡಲು ಅನುಮತಿ ಕೇಳಿ. ಒಳ್ಳೆಯ ಶಾಲೆ ಕುರ್ಚಿ ಕೊಡುತ್ತದೆ, ಮಾತಾಡಬೇಡಿ ಎನ್ನುತ್ತದೆ, ಹೊಸ ಮಕ್ಕಳು ಇನ್ನೂ ಹೊಂದಿಕೊಳ್ಳುತ್ತಿರುವ ಮೊದಲ ವಾರಗಳಲ್ಲಾದರೆ ಸ್ವಲ್ಪ ದಿನ ಬಿಟ್ಟು ಬನ್ನಿ ಎನ್ನುತ್ತದೆ. ಕಿಟಕಿಯಿಂದ ಇಣುಕಿಸಿ ಕಳಿಸುವ ಶಾಲೆಯ ಬಗ್ಗೆ ನನಗೆ ಅನುಮಾನವಿದೆ.

ಅಲ್ಲಿ ಕುಳಿತಾಗ ಕಪಾಟುಗಳನ್ನು ಆಮೇಲೆ ನೋಡಿ. ಮೊದಲು ಒಂದೇ ಮಗುವನ್ನು ಆರಿಸಿಕೊಂಡು ಅದರ ಹಿಂದೆ ಕಣ್ಣಾಡಿಸಿ. ಅದು ತಾನೇ ಕೆಲಸ ಆರಿಸಿಕೊಂಡಿತೇ, ಯಾರಾದರೂ ಕೊಟ್ಟರೇ? ಶುರು ಮಾಡಿದ್ದನ್ನು ಮುಗಿಸಿ, ಎತ್ತಿದ ಜಾಗದಲ್ಲೇ ಇಟ್ಟಿತೇ? ನಡುವೆ ಎಷ್ಟು ಸಲ ದೊಡ್ಡವರೊಬ್ಬರು ಅದನ್ನು ತಡೆದರು? ಈ ಕೊನೆಯದನ್ನು ಬೆರಳು ಮಡಚಿ ಎಣಿಸಿ. ಗದರುವುದು ಮಾತ್ರ ತಡೆಯಲ್ಲ. ‘ವಾಹ್’ ಎನ್ನುವುದು, ‘ಇದು ಯಾವ ಬಣ್ಣ ಹೇಳು ನೋಡೋಣ’ ಎಂದು ಪರೀಕ್ಷಿಸುವುದು, ಫೋಟೊ ತೆಗೆಯುವುದು ಎಲ್ಲವೂ ತಡೆಯೇ.

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ತರಬೇತಿ ಮುಗಿಸಿದ ಮೊದಲ ವರ್ಷ, ನಾಲ್ಕು ವಾರಗಳಿಂದ ಏನನ್ನೂ ಮುಟ್ಟದೆ ಬಾಗಿಲ ಬಳಿ ನಿಂತೇ ಇರುತ್ತಿದ್ದ ಹುಡುಗನೊಬ್ಬ ಒಂದು ದಿನ ಪುಟ್ಟ ಹಿಡಿಕೆಗಳಿರುವ ಸಿಲಿಂಡರ್‌ಗಳ ಮರದ ದಿಮ್ಮಿಯನ್ನು ಎತ್ತಿಕೊಂಡ. ಹತ್ತು ಸಿಲಿಂಡರ್‌ಗಳನ್ನೂ ಹೊರಗೆ ತೆಗೆದು, ಒಂದೊಂದನ್ನೇ ಅದರ ಕುಳಿಯಲ್ಲಿ ಕೂರಿಸತೊಡಗಿದ. ಏಳನೆಯದಕ್ಕೆ ಬಂದಾಗ ನನಗೆ ಸಂತೋಷ ತಡೆಯಲಾಗಲಿಲ್ಲ, ಬಗ್ಗಿ ‘ಎಷ್ಟು ಚೆನ್ನಾಗಿ ಮಾಡುತ್ತಿದ್ದೀಯಾ’ ಎಂದೆ. ಅವನು ತಲೆಯೆತ್ತಿ ನನ್ನ ಮುಖ ನೋಡಿದ, ಉಳಿದ ಮೂರನ್ನು ಹಾಗೆಯೇ ಬಿಟ್ಟು ಎದ್ದು ಹೋದ. ಮತ್ತೆ ಅವನು ಆ ದಿಮ್ಮಿಯ ಬಳಿ ಬರಲು ಹನ್ನೊಂದು ದಿನ ಬೇಕಾಯಿತು. ಸಾನ್ ಲೊರೆಂಜೊದಲ್ಲಿ ಮೂರು ವರ್ಷದ ಹುಡುಗಿಯೊಬ್ಬಳು ಇದೇ ಬಗೆಯ ಸಿಲಿಂಡರ್‌ಗಳನ್ನು ನಲವತ್ತಕ್ಕೂ ಹೆಚ್ಚು ಸಲ ತೆಗೆದು ಹಾಕಿದ್ದನ್ನು, ಸುತ್ತ ಮಕ್ಕಳು ಹಾಡಿದರೂ ಕುರ್ಚಿ ಸಮೇತ ಎತ್ತಿ ಮೇಜಿನ ಮೇಲಿಟ್ಟರೂ ಆಕೆ ನಿಲ್ಲಿಸದ್ದನ್ನು ಮಾಂಟೆಸ್ಸರಿ ದಾಖಲಿಸಿದ್ದಾರೆ. ಪುಸ್ತಕದಲ್ಲಿ ಅದನ್ನು ಓದಿ ಪರೀಕ್ಷೆಯಲ್ಲಿ ಬರೆದು ಬಂದಿದ್ದವಳು ನಾನು, ಆದರೂ ಬಾಯಿ ಮುಚ್ಚಿಕೊಂಡಿರಲು ಕಲಿತಿರಲಿಲ್ಲ.

ಹಾಗಾಗಿ ಶಿಕ್ಷಕಿಯ ಮೌನವನ್ನು ಗಮನಿಸಿ. ಹೊಸ ಸಾಮಗ್ರಿಯನ್ನು ತೋರಿಸುವಾಗ ಆಕೆಯ ಕೈ ನಿಧಾನವಾಗಿ ಚಲಿಸುತ್ತದೆ, ಮಾತು ತೀರಾ ಕಡಿಮೆ ಇರುತ್ತದೆ. ಕೈ ನೋಡಬೇಕಾದ ಮಗು ಮಾತು ಕೇಳತೊಡಗಿದರೆ ಕೈ ಕಾಣುವುದಿಲ್ಲ. ಯಾರಾದರೂ ನೀರು ಚೆಲ್ಲಿದರೆ ಅದು ನಿಮ್ಮ ಅದೃಷ್ಟ. ಆಗ ಕೋಣೆಯ ಬಂಡವಾಳವೆಲ್ಲ ಬಯಲಾಗುತ್ತದೆ. ದೊಡ್ಡವರು ಓಡಿ ಬಂದು ಒರೆಸಿದರೋ, ಅಥವಾ ಮಗುವೇ ತನ್ನ ಕೈಗೆಟುಕುವಲ್ಲಿ ತೂಗುಹಾಕಿದ ಬಟ್ಟೆ ತಂದು ಒರೆಸಿತೋ? ಒರೆಸುವಾಗ ಇನ್ನೊಂದು ಮಗು ಕೇಳದೆಯೇ ಬಂದು ಪಕ್ಕದಲ್ಲಿ ಕುಳಿತಿತೇ? ಲೋಟ ಗಾಜಿನದೋ ಪ್ಲಾಸ್ಟಿಕ್ಕಿನದೋ ಎಂಬುದನ್ನೂ ನೋಡಿಕೊಳ್ಳಿ. ಒಡೆಯುವ ವಸ್ತುವನ್ನು ಕೊಡುವ ಕೋಣೆ ಮಗುವನ್ನು ನಂಬಿದೆ.

ಈಗ ಕಪಾಟಿನತ್ತ ಬನ್ನಿ. ಒಂದರಿಂದ ಹತ್ತು ಸೆಂಟಿಮೀಟರ್‌ವರೆಗಿನ ಹತ್ತು ಘನಗಳ ಗುಲಾಬಿ ಗೋಪುರ, ಹತ್ತು ಸೆಂಟಿಮೀಟರ್‌ನಿಂದ ಒಂದು ಮೀಟರ್‌ವರೆಗಿನ ಕೆಂಪು ಕೋಲುಗಳು, ಉಪ್ಪುಕಾಗದದ ಅಕ್ಷರಗಳು, ಬಿಡಿ ಹತ್ತು ನೂರು ಸಾವಿರವನ್ನು ಕೈಯಲ್ಲೇ ತೂಗಿ ತಿಳಿಯುವ ಹೊಂಬಣ್ಣದ ಮಣಿಗಳು ಎಲ್ಲ ಕಡೆಯೂ ಇರುತ್ತವೆ, ಏಕೆಂದರೆ ಇವನ್ನು ದುಡ್ಡು ಕೊಟ್ಟು ತರಬಹುದು. ನೀವು ನೋಡಬೇಕಾದದ್ದು ಸವೆತ. ಅಕ್ಷರಗಳ ಉಪ್ಪುಕಾಗದ ಬೆರಳಾಡಿಸಿ ಆಡಿಸಿ ನುಣುಪಾಗಿದೆಯೇ? ಗೋಪುರದ ದೊಡ್ಡ ಘನಗಳ ಅಂಚಿನಲ್ಲಿ ಬಣ್ಣ ಎದ್ದಿದೆಯೇ? ಹಾಗಿದ್ದರೆ ಒಳ್ಳೆಯದು. ಆದರೆ ಒಂದು ಸೆಂಟಿಮೀಟರ್‌ನ ಪುಟ್ಟ ಘನ ಕಳೆದುಹೋಗಿ ಒಂಬತ್ತೇ ಉಳಿದಿದ್ದರೆ ಅದು ಕೆಟ್ಟ ಲಕ್ಷಣ. ಈ ಸಾಮಗ್ರಿಗಳ ಜೀವಾಳವೇ ತಪ್ಪನ್ನು ತಾವೇ ತೋರಿಸುವ ಗುಣ. ಎಲ್ಲ ಸಿಲಿಂಡರ್‌ಗಳೂ ಇದ್ದಾಗ ಮಾತ್ರ ಕೊನೆಗೆ ಉಳಿದದ್ದು ಕುಳಿಗೆ ಹಿಡಿಯದೆ, ಎಲ್ಲೋ ತಪ್ಪಾಗಿದೆ ಎಂದು ಮಗುವಿಗೆ ತಾನಾಗಿ ತಿಳಿಯುತ್ತದೆ. ಒಂದು ಕಳೆದರೆ ತಪ್ಪು ತಿದ್ದುವ ಕೆಲಸ ಮತ್ತೆ ಶಿಕ್ಷಕಿಯ ಬಾಯಿಗೆ ಬೀಳುತ್ತದೆ. ಇನ್ನೊಂದು ಮಾತು, ಪ್ರತಿಯೊಂದು ಸಾಮಗ್ರಿಯೂ ಒಂದೊಂದೇ ಇರುವುದು ಜಿಪುಣತನವಲ್ಲ. ಬೇಕಾದದ್ದು ಇನ್ನೊಬ್ಬರ ಬಳಿ ಇದ್ದರೆ ಕಾಯಬೇಕು. ಕಾಯುವುದೂ ಅಲ್ಲಿನ ಪಾಠಗಳಲ್ಲೊಂದು.

ಗೋಡೆಯ ಮೇಲೆ ಒಂದೇ ಅಳತೆಗೆ ಕತ್ತರಿಸಿ ಅಂಟಿಸಿದ ಇಪ್ಪತ್ತೈದು ಚಿಟ್ಟೆಗಳು ಸಾಲಾಗಿ ಕಂಡರೆ, ಅವು ಯಾರನ್ನು ಮೆಚ್ಚಿಸಲು ಅಲ್ಲಿವೆ ಎಂದು ಕೇಳಿಕೊಳ್ಳಿ. ನಕ್ಷತ್ರದ ಸ್ಟಿಕ್ಕರ್‌ಗಳು, ‘ಈ ವಾರದ ಉತ್ತಮ ಮಗು’, ಮನೆಗೆ ಕಳಿಸುವ ಅಭ್ಯಾಸದ ಹಾಳೆಗಳು ಕಂಡರೂ ಅಷ್ಟೇ. ಈ ಪದ್ಧತಿಯಲ್ಲಿ ಬಹುಮಾನಕ್ಕೂ ಶಿಕ್ಷೆಗೂ ಜಾಗವಿಲ್ಲ.

ಮೂರನೆಯ ಶಾಲೆಯ ಭರವಸೆಯ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ಮಾಂಟೆಸ್ಸರಿ ಕೋಣೆಯಲ್ಲಿ ಬರವಣಿಗೆ ಸಾಮಾನ್ಯವಾಗಿ ಓದಿಗಿಂತ ಮೊದಲು ಬರುತ್ತದೆ. ಬೆರಳಿನಿಂದ ತೀಡಿ ಅಕ್ಷರದ ಆಕಾರವನ್ನೂ ಕಿವಿಯಿಂದ ಧ್ವನಿಯನ್ನೂ ಹಿಡಿದ ಮಗು ಬಿಡಿ ಅಕ್ಷರಗಳನ್ನು ಜೋಡಿಸಿ ತನ್ನದೇ ಪದ ಕಟ್ಟುತ್ತದೆ, ಕಟ್ಟಿದ್ದನ್ನು ಓದುವುದು ಎಷ್ಟೋ ವಾರಗಳ ನಂತರ. ಕೆಲವರಿಗೆ ಅದು ನಾಲ್ಕಕ್ಕೆ, ಕೆಲವರಿಗೆ ಐದೂವರೆಗೆ. ದಿನಾಂಕ ಹೇಳಿ ಓದಿಸುವ ಶಾಲೆ ಮಗುವನ್ನು ಇನ್ನೂ ಭೇಟಿಯೇ ಆಗಿಲ್ಲ.

ಶಿಕ್ಷಕಿಯನ್ನು ಕೇಳಬೇಕಾದ ಪ್ರಶ್ನೆಗಳಿವೆ. ಎಲ್ಲಿ ತರಬೇತಿ ಪಡೆದಿರಿ, ಯಾವ ವಯೋಮಾನಕ್ಕೆ, ಎಷ್ಟು ಕಾಲ? ವಾರಾಂತ್ಯದ ಕಾರ್ಯಾಗಾರಕ್ಕೂ ವರ್ಷವಿಡೀ ಪ್ರತಿ ಸಾಮಗ್ರಿಯನ್ನು ಕೈಯಾರೆ ಅಭ್ಯಾಸ ಮಾಡಿ, ಗಂಟೆಗಟ್ಟಲೆ ಮಕ್ಕಳನ್ನು ಗಮನಿಸಿ ಪಡೆದ ಡಿಪ್ಲೊಮಾಕ್ಕೂ ಅಜಗಜಾಂತರ. ಈ ಕೋಣೆಯಲ್ಲಿ ಎಷ್ಟು ವರ್ಷದಿಂದ ಇದ್ದೀರಿ ಎಂದೂ ಕೇಳಿ. ಮಕ್ಕಳು ಮೂರು ವರ್ಷ ಇರುವ ಕೋಣೆಯಲ್ಲಿ ಶಿಕ್ಷಕಿ ಆರು ತಿಂಗಳಿಗೊಮ್ಮೆ ಬದಲಾದರೆ ಪ್ರಯೋಜನವಿಲ್ಲ. ಆದರೆ ನನಗೆ ತೀರಾ ಇಷ್ಟದ ಪ್ರಶ್ನೆ ಬೇರೆ: ‘ಒಂದು ಮಗು ಇಡೀ ಬೆಳಗ್ಗೆ ಏನನ್ನೂ ಮಾಡದಿದ್ದರೆ ನೀವು ಏನು ಮಾಡುತ್ತೀರಿ?’ ‘ಕೂರಿಸಿ ಮಾಡಿಸುತ್ತೇವೆ’ ಎಂಬ ಉತ್ತರ ಬಂದರೂ ತಪ್ಪು, ‘ಅದರ ಇಷ್ಟ, ಬಿಟ್ಟುಬಿಡುತ್ತೇವೆ’ ಎಂದು ಬಂದರೂ ತಪ್ಪು. ಅಂಥ ಒಂದು ಮಗುವಿನ ಕಥೆಯನ್ನು ಆಕೆ ತಾನಾಗಿ ಹೇಳತೊಡಗಿದರೆ, ಯಾವ ದಿನ ಏನನ್ನು ತೋರಿಸಿದೆ, ಏನು ಫಲಿಸಲಿಲ್ಲ ಎಂದು ನೆನಪಿಸಿಕೊಂಡರೆ, ನಿಮ್ಮ ಹುಡುಕಾಟ ಮುಗಿಯಿತು ಎಂದೇ ಹೇಳುತ್ತೇನೆ.

ಬಿಗಿ ಹೆಚ್ಚಾದ ಶಾಲೆಗಳೂ ಇವೆ, ಅವುಗಳ ಬಗ್ಗೆ ನಮ್ಮವರು ಬಾಯಿ ಬಿಡುವುದು ಕಡಿಮೆ. ಗೋಪುರದ ಘನವನ್ನು ಮಗು ರೈಲಿನಂತೆ ತಳ್ಳಿತೆಂದು ಕೈಯಿಂದ ಕಿತ್ತುಕೊಳ್ಳುವ, ನಗುವೇ ಕೇಳಿಸದ ಕೋಣೆಗಳನ್ನು ನೋಡಿದ್ದೇನೆ. ಸಾಮಗ್ರಿಗೊಂದು ಉದ್ದೇಶವಿದೆ ನಿಜ, ಅದನ್ನು ಎಸೆಯುವ ಮಗುವನ್ನು ತಡೆಯಬೇಕಾದದ್ದೂ ನಿಜ. ಆದರೆ ಅಲ್ಲಿನ ನಿಶ್ಶಬ್ದ ಭಯದ್ದೋ ಏಕಾಗ್ರತೆಯದೋ ಎಂದು ಒಳಗೆ ಕಾಲಿಟ್ಟ ಐದು ನಿಮಿಷದಲ್ಲಿ ನಿಮಗೆ ತಿಳಿಯುತ್ತದೆ. ಏಕಾಗ್ರತೆಯ ಕೋಣೆಯಲ್ಲಿ ಜೇನುಗೂಡಿನಂಥ ಒಂದು ಸಣ್ಣ ಗುಂಯ್‌ಗುಟ್ಟುವಿಕೆ ಇದ್ದೇ ಇರುತ್ತದೆ.

ಇದೆಲ್ಲ ಮಾಂಟೆಸ್ಸರಿ ಭಕ್ತರ ಮಡಿವಂತಿಕೆ ಎಂದು ನಿಮಗೆ ಅನ್ನಿಸಬಹುದು. ಸಂಶೋಧನೆ ಏನನ್ನುತ್ತದೆ ನೋಡಿ. ಮನೋವಿಜ್ಞಾನಿ ಆಂಜೆಲಿನ್ ಲಿಲ್ಲಾರ್ಡ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ಬಗೆಯ ತರಗತಿಗಳ ಮಕ್ಕಳನ್ನು ಒಂದು ಶಾಲಾ ವರ್ಷ ಹೋಲಿಸಿದರು: ಪದ್ಧತಿಯನ್ನು ಚಾಚೂ ತಪ್ಪದೆ ಪಾಲಿಸುವವು, ಅದರೊಂದಿಗೆ ಅಭ್ಯಾಸದ ಹಾಳೆ ಮುಂತಾದ ಇತರ ವಸ್ತುಗಳನ್ನು ಬೆರೆಸಿದವು, ಮಾಮೂಲಿ ತರಗತಿಗಳು. ಮುಂದೆ ಹೋದವರು ಮೊದಲ ಗುಂಪಿನವರು. ಬೆರಕೆ ಮಾಡಿದ ತರಗತಿಗಳು ಅವರ ಸಮಕ್ಕೆ ಬರಲಿಲ್ಲ. ಅಲ್ಲಿ ಶಾಲೆಯನ್ನು ಆರಿಸಿದವರು ತಂದೆತಾಯಿಯರೇ ಆದ್ದರಿಂದ ಆ ಫಲಿತಾಂಶವನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಆ ಕೊರತೆಯಿಲ್ಲದ ಅಧ್ಯಯನ 2025ರಲ್ಲಿ ಬಂತು. ಅಮೆರಿಕದ 24 ಸಾರ್ವಜನಿಕ ಮಾಂಟೆಸ್ಸರಿ ಶಾಲೆಗಳ ಲಾಟರಿಗೆ ಅರ್ಜಿ ಹಾಕಿದ್ದ 588 ಮಕ್ಕಳಲ್ಲಿ, ಸೀಟು ಸಿಕ್ಕವರು ಸಿಗದವರಿಗಿಂತ ಶಾಲಾಪೂರ್ವ ಘಟ್ಟದ ಕೊನೆಯಲ್ಲಿ ಓದು, ನೆನಪು, ಮನಸ್ಸನ್ನು ಹತೋಟಿಯಲ್ಲಿಡುವ ಶಕ್ತಿ, ಇನ್ನೊಬ್ಬರ ಮನಸ್ಸನ್ನು ಊಹಿಸುವ ಶಕ್ತಿ ಇವುಗಳಲ್ಲಿ ಮುಂದಿದ್ದರು.

ನಿಮ್ಮ ಮಗಳ ವಿಷಯ ಸುಲಭ. ಎರಡೂವರೆಯಿಂದ ಮೂರೂವರೆಯ ನಡುವೆ ಸೇರುವುದು ಹದವಾದ ಕಾಲ. ಆದರೆ ಸೇರಿಸುವಾಗಲೇ ಮೂರು ವರ್ಷವೂ ಅಲ್ಲೇ ಇರಿಸುತ್ತೇವೆ ಎಂದು ಮನಸ್ಸು ಮಾಡಿ. ಎರಡು ವರ್ಷವಾದ ಮೇಲೆ ‘ಇನ್ನು ಆಟ ಸಾಕು, ನಿಜವಾದ ಓದು ಶುರುವಾಗಲಿ’ ಎಂದು ಬಿಡಿಸಿಕೊಂಡು ಹೋಗುವವರು ಬಹಳ. ಬಿತ್ತಿ, ಕಳೆ ಕಿತ್ತು, ಕೊಯ್ಲಿನ ಹೊತ್ತಿಗೆ ಹೊಲ ಬಿಟ್ಟಂತೆ. ಎರಡು ವರ್ಷ ಕೈಯಲ್ಲಿ ಹೊತ್ತು ತಿರುಗಿದ್ದೆಲ್ಲ ತಲೆಯೊಳಗೆ ಸಂಖ್ಯೆಯಾಗಿ, ವಾಕ್ಯವಾಗಿ ಕೂಡುವುದು ಮೂರನೆಯ ವರ್ಷದಲ್ಲಿ. ಕಿರಿಯಳಾಗಿ ನೋಡುತ್ತಿದ್ದವಳು ಹಿರಿಯಳಾಗಿ ತೋರಿಸಿಕೊಡುವುದೂ ಆಗಲೇ. ಕೋಣೆಯಲ್ಲಿ ಐದು ದಾಟಿದ ಮಕ್ಕಳು ಎಷ್ಟಿದ್ದಾರೆ ಎಂದು ಎಣಿಸಿ. ಮೂವತ್ತರಲ್ಲಿ ಇಬ್ಬರೇ ಇದ್ದರೆ ಚಿಕ್ಕವರು ನೋಡಿ ಕಲಿಯುವುದಾದರೂ ಯಾರನ್ನು?

ಮಗನ ವಿಷಯದಲ್ಲಿ ನಿಮಗೆ ಬೇಸರವಾಗುವ ಮಾತು ಹೇಳಬೇಕಾಗಿದೆ. ಐದು ತುಂಬಿದ ಮೇಲೆ ಮೊದಲ ಬಾರಿಗೆ ಮೂರರಿಂದ ಆರರ ಕೋಣೆಗೆ ಕಾಲಿಡುವುದು ಕಷ್ಟ. ಅವನ ಓರಗೆಯವರು ದೊಡ್ಡ ಲೆಕ್ಕ ಮಾಡುತ್ತಿರುತ್ತಾರೆ. ಅವನಿಗೆ ಗೋಪುರ ತೋರಿಸಿದರೆ ‘ಇದು ಪಾಪುಗಳದ್ದು’ ಎನ್ನುತ್ತಾನೆ. ಅವನು ಹೇಳುವುದೂ ಸರಿಯೇ, ಇಂದ್ರಿಯಗಳನ್ನು ಹದಗೊಳಿಸುವ ಆ ಸಾಮಗ್ರಿಗಳ ಸೆಳೆತ ಮೂರು ನಾಲ್ಕರ ವಯಸ್ಸಿನದು. ಅನೇಕ ಶಾಲೆಗಳು ಈ ವಯಸ್ಸಿನಲ್ಲಿ ಹೊಸಬರನ್ನು ಸೇರಿಸಿಕೊಳ್ಳುವುದಿಲ್ಲ. ಅದನ್ನು ಅಹಂಕಾರವೆಂದು ತಿಳಿಯಬೇಡಿ. ಆರರಿಂದ ಹನ್ನೆರಡರವರೆಗಿನ ತರಗತಿಗಳೂ ಇರುವ ಶಾಲೆಯಾದರೆ ಮಾತು ಬೇರೆ. ಆ ಘಟ್ಟದ ಕಲಿಕೆ ಕಥೆಯಿಂದ, ‘ಏಕೆ’ ಎಂಬ ಪ್ರಶ್ನೆಯಿಂದ, ಗುಂಪು ಕಟ್ಟಿಕೊಂಡು ಮಾಡುವ ಶೋಧನೆಯಿಂದ ನಡೆಯುತ್ತದೆ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಕೊಡೈಕೆನಾಲ್‌ನಲ್ಲಿದ್ದಾಗ ಮಾಂಟೆಸ್ಸರಿ ಮತ್ತು ಮಾರಿಯೊ ಬೆಳೆಸಿದ್ದು ಇದನ್ನೇ. ಕುತೂಹಲವುಳ್ಳ ಮಗು ಆರನೆಯ ವರ್ಷದಲ್ಲಿ ಅಲ್ಲಿಗೆ ನೇರವಾಗಿ ಸೇರಿ ಹೊಂದಿಕೊಳ್ಳಬಹುದು, ಮೊದಲ ಕೆಲವು ತಿಂಗಳು ಶಿಕ್ಷಕಿಗೆ ಕೆಲಸ ಹೆಚ್ಚು, ಅಷ್ಟೇ. ಅಂಥ ಶಾಲೆ ಇಲ್ಲದಿದ್ದರೆ ಇಬ್ಬರಿಗೂ ಒಂದೇ ಶಾಲೆ ಎಂಬ ಹಟ ಬಿಡಿ. ಒಳ್ಳೆಯ ಮನಸ್ಸಿನ ಶಿಕ್ಷಕಿಯಿರುವ ಸಾಮಾನ್ಯ ಶಾಲೆ ಅವನಿಗೆ ಖಂಡಿತ ಉತ್ತಮ.

ಮುಂದೆ ಸಾಮಾನ್ಯ ಶಾಲೆಗೆ ಹೋದಾಗ ತಡವರಿಸುತ್ತಾರೆಯೇ? ಸ್ವಲ್ಪ ದಿನ, ಹೌದು. ಆದರೆ ತಂದೆತಾಯಿಯರು ಹೆದರುವ ಕಡೆ ಅಲ್ಲ. ಓದು ಲೆಕ್ಕಗಳಲ್ಲಿ ತೊಂದರೆಯಾಗುವುದು ಅಪರೂಪ. ಮಕ್ಕಳಿಗೆ ವಿಚಿತ್ರವೆನಿಸುವುದು ಬೇರೆ: ಚಿತ್ರ ಅರ್ಧವಿರುವಾಗ ಗಂಟೆ ಏಕೆ ಬಾರಿಸಿತು, ನೀರು ಕುಡಿಯಲು ಅಪ್ಪಣೆ ಏಕೆ ಬೇಕು, ಪಕ್ಕದವನಿಗೆ ಗೊತ್ತಾಗದ್ದನ್ನು ಹೇಳಿಕೊಟ್ಟರೆ ಟೀಚರ್ ಏಕೆ ಬೈದರು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದನೇ ತರಗತಿಯ ಮೊದಲ ದಿನ ಮನೆಗೆ ಬಂದು, ‘ಅಲ್ಲಿ ಎಲ್ಲರೂ ನನ್ನ ವಯಸ್ಸಿನವರೇ ಇದ್ದಾರೆ, ಯಾರಿಗೂ ಏನೂ ಗೊತ್ತಿಲ್ಲ’ ಎಂದಳಂತೆ. ಎರಡು ಮೂರು ತಿಂಗಳಲ್ಲಿ ಹೊಂದಿಕೊಳ್ಳುತ್ತಾರೆ. ಪರೀಕ್ಷೆಯೆಂದರೆ ಏನು, ಮನೆಪಾಠವೆಂದರೆ ಏನು ಎಂದು ಮೊದಲೇ ಮಾತಾಡಿಟ್ಟುಕೊಂಡರೆ ಇನ್ನೂ ಬೇಗ.

ಮನೆಗೆ ಗುಲಾಬಿ ಗೋಪುರ ಕೊಳ್ಳಬೇಡಿ. ಕೊಂಡರೆ ಶಾಲೆಯದರ ಹೊಸತನ ಹೋಗುತ್ತದೆ. ಅದರ ಬದಲು ನಲ್ಲಿಗೆ ಕೈಯೆಟುಕುವಂತೆ ಒಂದು ಮಣೆ, ಬಟ್ಟೆ ತಾನೇ ತೆಗೆದುಕೊಳ್ಳುವಷ್ಟು ತಗ್ಗಿನ ಗೂಡು, ಚಪ್ಪಲಿ ಹಾಕಿಕೊಳ್ಳಲು ನೀವು ಹೊರಡುವ ಅವಸರಕ್ಕಿಂತ ಹತ್ತು ನಿಮಿಷ ಹೆಚ್ಚಿನ ಸಮಯ, ಇಷ್ಟು ಕೊಡಿ. ಕಷ್ಟವಾದದ್ದು ಆ ಹತ್ತು ನಿಮಿಷವೇ.

ಎರಡನೆಯ ಶಾಲೆಗೆ ಮತ್ತೆ ಹೋಗುವಾಗ ಮಗಳನ್ನು ಜೊತೆಗೆ ಕರೆದುಕೊಂಡು ಹೋಗಬೇಡಿ. ಅವಳಿದ್ದರೆ ನಿಮ್ಮ ಕಣ್ಣು ಅವಳ ಮೇಲೇ ಇರುತ್ತದೆ. ಸಾಧ್ಯವಾದರೆ ತಂದೆ ತಾಯಿ ಬೇರೆ ಬೇರೆ ದಿನ ಹೋಗಿ, ಕಂಡದ್ದನ್ನು ಬರೆದಿಟ್ಟುಕೊಂಡು ಆಮೇಲೆ ಹೋಲಿಸಿ. ಮೊದಲ ಗಂಟೆ ಮುಗಿದು ಗದ್ದಲವೆದ್ದಾಗ ಎದ್ದು ಬಂದುಬಿಡಬೇಡಿ, ಇನ್ನೊಂದು ಕಾಲು ಗಂಟೆ ಕುಳಿತಿರಿ.